ಹನ್ನೊಂದು ಹುಲಿ, ಒಂದು ಡಬ್ಬಿ ಸರೇಸು: ಮಕ್ಕಳಿಗೆ ಮಿನ್‌ಹ್ವಾ ಹೇಳಿಕೊಟ್ಟ ಲೆಕ್ಕ

ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ. ಮಕ್ಕಳು ಬರೆದ ನಾಲ್ಕು ಹುಲಿ ಚಿತ್ರಗಳು ದಪ್ಪ ಪುಸ್ತಕಗಳ ಅಡಿಯಲ್ಲಿ ಮಲಗಿವೆ. ಪೂರ್ತಿ ಮುಗಿಯಲಿ ಅಂತ ಕಾದರೆ ತಪ್ಪುಗಳೆಲ್ಲ ಮರೆತುಹೋಗುತ್ತವೆ, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ನಾವಿರುವುದು ದಕ್ಷಿಣ ಕೊರಿಯಾದ ಸುವೊನ್‌ನಲ್ಲಿ, ಯೊಂಗ್‌ಥೊಂಗ್ ಕಡೆ. ನನ್ನ ಊರು ಸಾಗರ. ಮೂರು ವರ್ಷದಿಂದ ಮನೆ ಹತ್ತಿರದ ಸಮುದಾಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಮಿನ್‌ಹ್ವಾ ಕಲಿಯುತ್ತಿದ್ದೇನೆ. ಮಿನ್‌ಹ್ವಾ ಅಂದರೆ ಜನರ ಚಿತ್ರ. ಜೊಸನ್ ರಾಜರ ಕಾಲದ ಕೊನೆಯ ಶತಮಾನಗಳಲ್ಲಿ ಕೊರಿಯಾದ ಮನೆಮನೆಗಳಲ್ಲಿ ಇದ್ದ ಚಿತ್ರಗಳು. ಬಾಗಿಲಿಗೆ ಹುಲಿ, ಮದುವೆ ಮನೆಗೆ ಪಿಯೋನಿ ಹೂವು, ಓದುವ ಕೋಣೆಗೆ ಪುಸ್ತಕದ ಕಪಾಟು. ಬರೆದವರ ಹೆಸರು ಹೆಚ್ಚಿನವುಗಳ ಮೇಲೆ ಇರುವುದೇ ಇಲ್ಲ.

ಇಲ್ಲಿನ ಕನ್ನಡದ ಮನೆಗಳ ಮಕ್ಕಳಿಗೆ ಭಾನುವಾರ ಮಧ್ಯಾಹ್ನ ನಾವು ನಾಲ್ಕೈದು ಜನ ಸೇರಿ ಕನ್ನಡ ಹೇಳಿಕೊಡುತ್ತೇವೆ. ನವೆಂಬರ್‌ನಿಂದ ಐದು ವಾರ ಚಿತ್ರ ಕಲಿಸೋಣ ಅಂತಾಯಿತು. ಹನ್ನೊಂದು ಮಕ್ಕಳು, 8ರಿಂದ 13 ವರ್ಷದವರು. ಯಾವ ಚಿತ್ರ ಬೇಕು ಅಂತ ಕೇಳಿದ್ದೇ ತಡ, ಎಲ್ಲರದ್ದೂ ಒಂದೇ ಕೂಗು: ಹುಲಿ! 2025ರ ಬೇಸಿಗೆಯಿಂದ ಇಲ್ಲಿನ ಮಕ್ಕಳಿಗೆಲ್ಲ 'ಕೆ-ಪಾಪ್ ಡೀಮನ್ ಹಂಟರ್ಸ್' ಸಿನಿಮಾದ ನೀಲಿ ಹುಲಿಯದ್ದೇ ಧ್ಯಾನ. ನ್ಯಾಷನಲ್ ಮ್ಯೂಸಿಯಂ ಅಂಗಡಿಯಲ್ಲಿ ಹುಲಿ-ಹಕ್ಕಿಯ ಬ್ಯಾಡ್ಜ್ ಸಿಗುವುದೇ ಕಷ್ಟವಾಗಿತ್ತು. ಸರಿ, ಹುಲಿಯೇ ಆಗಲಿ ಅಂದುಬಿಟ್ಟೆ. ಮೊದಲ ತಪ್ಪು ಅದೇ, ಆಮೇಲೆ ಹೇಳುತ್ತೇನೆ.

ನವೆಂಬರ್ 1, ಶನಿವಾರ. ಸಾಮಾನು

ಸೋಲ್‌ನ ಇನ್ಸಾದೊಂಗ್‌ಗೆ ಹೋದೆ. ಕುಂಚ, ಕಾಗದದ ಹಳೇ ಅಂಗಡಿಗಳಿರುವ ಬೀದಿ. ಹೋಗಲಿಕ್ಕೇ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ತಂದದ್ದು ಇಷ್ಟು:

ಹನ್‌ಜಿ ಕಾಗದ, ಎರಡು ಪದರದ್ದು, 70×135 ಸೆಂ.ಮೀ., 5 ಹಾಳೆ: 20,000 ವೊನ್
ಆಗ್ಯೊ ಕಡ್ಡಿ ಒಂದು ಪೊಟ್ಟಣ: 9,000
ಪಟಿಕ: 2,000
ಅಗಲದ ಚಪ್ಪಟೆ ಕುಂಚ 1: 12,000
ಬಣ್ಣದ ಕುಂಚ 11, ಒದ್ದೆ ಕುಂಚ 11: 88,000
ಗೆರೆ ಎಳೆಯುವ ಸಣ್ಣ ಕುಂಚ 6: 30,000
ಪುಡಿ ಬಣ್ಣ 7 ಬಾಟಲಿ: 35,000
ಹೊಬುನ್, ಅಂದರೆ ಚಿಪ್ಪಿನ ಬಿಳಿ ಪುಡಿ: 5,000
ಬಿಳಿ ಪಿಂಗಾಣಿ ತಟ್ಟೆಗಳು, ದೈಸೋ ಅನ್ನುವ ಅಗ್ಗದ ಸಾಮಾನಿನ ಅಂಗಡಿಯಿಂದ: 10,000

ಒಟ್ಟು 2,11,000 ವೊನ್. ಮಕ್ಕಳಿಂದ ತಲೆಗೆ 15,000ದಂತೆ 1,65,000 ತೆಗೆದುಕೊಂಡಿದ್ದೆ. ಶುರುವಿನಲ್ಲೇ 46,000 ಕೈಯಿಂದ ಹೋಯಿತು.

ಇದರಲ್ಲಿ ಎರಡು ಸಾಮಾನು ನಮಗೆ ಹೊಸದೇನಲ್ಲ. ಆಗ್ಯೊ ಅಂದರೆ ನಮ್ಮ ಸರೇಸು, ದನದ ಚರ್ಮದಿಂದ ತೆಗೆದ ಅಂಟು. ನಮ್ಮೂರಲ್ಲಿ ಬಾಗಿಲು ಕೆಲಸಕ್ಕೆ ಬಡಗಿ ಬಂದಾಗ ಹಳೇ ಡಾಲ್ಡಾ ಡಬ್ಬಿಯಲ್ಲಿ ಕಾಯಿಸುತ್ತಿದ್ದರಲ್ಲ, ಅದೇ. ವಾಸನೆಯೂ ಅದೇ. ಪಟಿಕ ಇಲ್ಲಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕರ್ಣಕುಂಡಲ ಹೂವನ್ನು ಪಟಿಕದ ಜೊತೆ ಅರೆದು ಉಗುರಿಗೆ ಕಟ್ಟುತ್ತಾರೆ. ನಮ್ಮ ಗೋರಂಟಿ ಹಾಗೇ ಕೆಂಪಗಾಗುತ್ತದೆ.

ಅಂಗಡಿಯಲ್ಲಿ ಸರೇಸು ಹಚ್ಚಿ ಒಣಗಿಸಿದ ಕಾಗದವೂ ಇತ್ತು, ಹಾಳೆಗೆ 9,000. ಹಸಿ ಕಾಗದ 4,000. ಮನೆಯಲ್ಲೇ ಹಚ್ಚಿಕೊಂಡರಾಯಿತು, ಸುಮ್ನೆ ಯಾಕೆ ದುಡ್ಡು ಅಂತ ಹಸಿಯದನ್ನೇ ತಂದೆ. ಇದು ಎರಡನೇ ತಪ್ಪು.

ನವೆಂಬರ್ 4, ಮಂಗಳವಾರ ರಾತ್ರಿ. ಕಾಗದ, ಮೊದಲ ಸಲ

ಹಸಿ ಹನ್‌ಜಿ ಬಣ್ಣವನ್ನು ಹೀರುತ್ತದೆ. ಒಂದು ಹನಿ ಬಿದ್ದರೆ ಚಪಾತಿಯಷ್ಟು ಅಗಲವಾಗುತ್ತದೆ. ಅದಕ್ಕೆ ಮೊದಲು ಸರೇಸು ಮತ್ತು ಪಟಿಕದ ನೀರು ಬಳಿಯಬೇಕು. ನಮ್ಮ ಟೀಚರ್ ಬರೆಸಿದ ಅಳತೆ: 1 ಲೀಟರ್ ನೀರು, 30 ಗ್ರಾಂ ಸರೇಸು, 10 ಗ್ರಾಂ ಪಟಿಕ.

ಸರೇಸಿನ ಕಡ್ಡಿಗಳನ್ನು ಹಿಂದಿನ ರಾತ್ರಿಯೇ ತಣ್ಣೀರಲ್ಲಿ ನೆನೆಹಾಕಿದ್ದೆ. ಬೆಳಿಗ್ಗೆ ನೋಡಿದರೆ ಹಲ್ಲಿಗೆ ಅಂಟುವ ಮಿಠಾಯಿ ತರ ಉಬ್ಬಿ ಮೆತ್ತಗಾಗಿದ್ದವು. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಕರಗಿಸಿದೆ. ಕುದಿಸಬಾರದು, ಕುದಿಸಿದರೆ ಅಂಟು ಸಾಯುತ್ತದೆ.

ಎರಡು ಹಾಳೆಗೆ ಅರ್ಧ ಲೀಟರ್ ಸಾಕು ಅಂತ ನೀರು ಅರ್ಧ ಮಾಡಿದೆ. ಸರೇಸನ್ನೂ 15 ಗ್ರಾಂಗೆ ಇಳಿಸಿದೆ. ಪಟಿಕವನ್ನು ಮಾತ್ರ ಪೂರ್ತಿ 10 ಗ್ರಾಂ ಹಾಕಿದೆ. ಫೋನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ, ಕೈ ತನ್ನ ಪಾಡಿಗೆ ತೂಕ ಮಾಡಿತು. ಸಾಲದ್ದಕ್ಕೆ ಸರೇಸು ಬಿಸಿಯಿರುವಾಗಲೇ ಸುರಿದೆ. ನೀರು ಹಾಲು ಒಡೆದ ಹಾಗೆ ಮಬ್ಬಾಯಿತು. ಸರಿಹೋಗುತ್ತೆ ಬಿಡು ಅಂತ ಬಳಿದೇಬಿಟ್ಟೆ.

ಬೆಳಿಗ್ಗೆ ಕಾಗದ ಮಿಣಮಿಣ ಹೊಳೆಯುತ್ತಿತ್ತು. ಉಪ್ಪು ಉದುರಿಸಿದ ಹಾಗೆ. ಬಣ್ಣ ಹಾಕಿದರೆ ಕೆಸುವಿನ ಎಲೆ ಮೇಲಿನ ನೀರಿನಂತೆ ಗುಂಡುಗುಂಡಾಗಿ ಉರುಳಿತು. ಮೂಲೆ ಮಡಚಿದೆ, ಹಪ್ಪಳದ ಹಾಗೆ ಮುರಿಯಿತು. ಎರಡು ಹಾಳೆ ಹೋಯಿತು.

ನವೆಂಬರ್ 6, ಗುರುವಾರ. ಎರಡನೇ ಸಲ

ಈ ಸಲ ಅಳತೆ ಸರಿ. ಆದರೆ ಸರೇಸಿನ ವಾಸನೆಗೆ ಮನೆಯವರು ಮೂಗು ಮುಚ್ಚಿಕೊಂಡರು ಅಂತ ಬಾಲ್ಕನಿಯಲ್ಲಿ ಬಳಿಯಲು ಹೋದೆ. ಹೊರಗೆ 5 ಡಿಗ್ರಿ. ಅರ್ಧ ಹಾಳೆ ಆಗುವಷ್ಟರಲ್ಲಿ ಕುಂಚದಲ್ಲಿ ಜೆಲ್ಲಿ! ಸರೇಸು ಚಳಿಗೆ ಹೆಪ್ಪುಗಟ್ಟುತ್ತದೆ ಅಂತ ಗೊತ್ತಿದ್ದೂ ಮರೆತಿದ್ದೆ. ಕಾಗದದ ಮೇಲೆ ಪಟ್ಟೆಪಟ್ಟೆ ಬಂತು. ಹುಲಿ ಬರೆಯುವ ಮೊದಲೇ ಹುಲಿಪಟ್ಟೆ. ಮೂರನೇ ಹಾಳೆಯೂ ಹೋಯಿತು.

ಟೀಚರ್‌ಗೆ ಫೋನ್ ಮಾಡಿದೆ. ಎಪ್ಪತ್ತು ದಾಟಿದ ಅಜ್ಜಿ. ಬೈಯಲಿಲ್ಲ, ನಕ್ಕರು. ಆಮೇಲೆ ಮೂರು ಮಾತು ಹೇಳಿದರು: ಪಟಿಕ ಬೇರೆ ಲೋಟದಲ್ಲಿ ಕರಗಿಸು. ಸರೇಸು ಕೈಗೆ ಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಸೇರಿಸು. ಮನೆಯೊಳಗೇ ಬಳಿ, ವಾಸನೆ ಹೋಗುತ್ತದೆ, ಕಾಗದ ವಾಪಸ್ ಬರುವುದಿಲ್ಲ.

ನವೆಂಬರ್ 8, ಶನಿವಾರ. ಮೂರನೇ ಸಲ

ಉಳಿದದ್ದು ಎರಡೇ ಹಾಳೆ. ನೆಲದ ಮೇಲೆ ಹಳೇ ಕಂಬಳಿ ಹಾಸಿ, ಒಂದೇ ದಿಕ್ಕಿಗೆ, ಹೋದ ಜಾಗಕ್ಕೆ ಮತ್ತೆ ಹೋಗದೆ ಬಳಿದೆ. ಹಳೇ ಚಿತ್ರದ ಕಂದು ಬಣ್ಣ ಬರಲಿ ಅಂತ ಇಲ್ಲಿ ಕೆಲವರು ಟೀ ಡಿಕಾಕ್ಷನ್ ಬೆರೆಸುತ್ತಾರೆ. ನಾನು ಊರಿಂದ ತಂದ ಫಿಲ್ಟರ್ ಕಾಫಿ ಡಿಕಾಕ್ಷನ್ ಮೂರು ಚಮಚ ಹಾಕಿದೆ. ಸರೇಸಿನ ವಾಸನೆಗೂ ಅದೇ ಮದ್ದಾಯಿತು. ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಕಂಬಿ ಮೇಲೆ ಹಾಕಿದೆ.

ಕಾಗದ ಸರಿಯಾಗಿದೆಯೋ ಇಲ್ಲವೋ ನೋಡುವುದು ಸುಲಭ. ಮೂಲೆಗೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ಕೂತು, ನಿಧಾನಕ್ಕೆ ಒಣಗಿದರೆ ಸರಿ. ಕೂಡಲೇ ಒಳಗೆ ಇಳಿದರೆ ಸರೇಸು ಕಮ್ಮಿ. ಉರುಳಿ ಓಡಿದರೆ ಪಟಿಕ ಜಾಸ್ತಿ. ನನ್ನ ಹನಿ ಕೂತಿತು. ಅದನ್ನು ನೋಡುತ್ತಾ ನಾನೂ ನೆಲದ ಮೇಲೆ ಕೂತೆ.

ಒಂದು ಹಾಳೆಗೆ 35×45 ಸೆಂ.ಮೀ.ನ ಆರು ತುಂಡು. ಎರಡು ಹಾಳೆಗೆ ಹನ್ನೆರಡು. ಮಕ್ಕಳಿಗೆ ಹನ್ನೊಂದು, ನನಗೊಂದು. ಲೆಕ್ಕ ಸರಿಯಾಯಿತು, ಹೆಚ್ಚಿಗೆ ಮಾತ್ರ ಒಂದೂ ಇಲ್ಲ.

ನವೆಂಬರ್ 9, ಭಾನುವಾರ. ಮೊದಲ ಕ್ಲಾಸ್: ಗೆರೆ

ಮಿನ್‌ಹ್ವಾದಲ್ಲಿ ಚಿತ್ರ ಶುರುವಾಗುವುದು ಬೊನ್‌ನಿಂದ. ಬೊನ್ ಅಂದರೆ ಗೆರೆಗಳ ಮೂಲ ನಕಲು. ಅದನ್ನು ಕೆಳಗಿಟ್ಟು, ಮೇಲೆ ಹನ್‌ಜಿ ಇಟ್ಟು, ಕಾಣುವ ಗೆರೆಯನ್ನೇ ತೆಳು ಮಸಿಯಲ್ಲಿ ತೆಗೆಯುವುದು. ಒಂದೇ ಬೊನ್‌ನಿಂದ ಎಷ್ಟೋ ಮನೆಗೆ ಎಷ್ಟೋ ಹುಲಿ ಹೋಗುತ್ತಿದ್ದವು.

ಟೀಚರ್ ಕೊಟ್ಟ ಬೊನ್ ಇತ್ತು. ಪೈನ್ ಮರದ ಕೆಳಗೆ ಹುಲಿ, ಮರದ ಮೇಲೆ ಕಾಚಿ ಹಕ್ಕಿ, ಅಂದರೆ ಕಾಗೆ ಜಾತಿಯ ಕಪ್ಪು-ಬಿಳಿ ಮ್ಯಾಗ್‌ಪೈ. ಮಕ್ಕಳ ಕೈಗೆ ಒಮ್ಮೆಲೇ ಮಸಿ ಕೊಡುವುದು ಬೇಡ ಅನ್ನಿಸಿ ಪೆನ್ಸಿಲ್ ಕೊಟ್ಟೆ. ಮೂರನೇ ತಪ್ಪು, ಎಲ್ಲಕ್ಕಿಂತ ದೊಡ್ಡದು. ಪೆನ್ಸಿಲ್ ಪುಡಿ ಹನ್‌ಜಿಯ ನಾರಿನೊಳಗೆ ಕೂತುಬಿಡುತ್ತದೆ. ರಬ್ಬರ್ ಉಜ್ಜಿದರೆ ಪುಡಿ ಹೋಗುವುದಿಲ್ಲ, ಕಾಗದದ ಮೈ ಎದ್ದು ನವಿರು ನವಿರಾಗುತ್ತದೆ. ಅಲ್ಲಿ ಹಚ್ಚಿದ ಸರೇಸೂ ಹೋಯಿತು ಅಂತಲೇ ಲೆಕ್ಕ, ಬಣ್ಣ ಹಾಕಿದರೆ ಹೀರುತ್ತದೆ. ಒಂದು ಗಂಟೆಯಲ್ಲಿ ಹನ್ನೊಂದು ಬೂದು ಹುಲಿಗಳಾದವು. ನಾಲ್ಕು ದಿನದ ಕೆಲಸ ನೀರಲ್ಲಿ ಹೋಯಿತು.

ಅದೇ ಹೊತ್ತಿಗೆ ಒಬ್ಬರು ಅಪ್ಪ ಬಾಗಿಲಲ್ಲಿ ನಿಂತು, "ಮೇಡಂ, ಇದು ಟ್ರೇಸಿಂಗ್ ಅಲ್ವಾ? ಮಕ್ಕಳಿಗೆ ಸ್ವಂತ ಬರೆಯೋಕೆ ಹೇಳಿಕೊಡಬೇಕಲ್ವಾ?" ಅಂದರು. ನ್ಯಾಯವಾದ ಪ್ರಶ್ನೆ. ನಾವೆಲ್ಲ ಶಾಲೆಯಲ್ಲಿ ಟ್ರೇಸ್ ಮಾಡಿ ಏಟು ತಿಂದವರೇ. "ಊರಲ್ಲಿ ಹಸೆ ಚಿತ್ತಾರ ಬರೆಯುವವರು ಅಜ್ಜಿ ಬರೆದ ತೇರನ್ನೇ ಬರೆಯುತ್ತಾರಲ್ಲ ಸಾರ್, ಅದು ಕಾಪಿಯಾ?" ಅಂತ ಕೇಳಿದೆ. ಅವರು ಮಂಡ್ಯದ ಕಡೆಯವರು, ಚಿತ್ತಾರ ನೋಡಿರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಗೆರೆಯೆಲ್ಲ ಬೊನ್‌ನದ್ದು, ಕಣ್ಣು ಮಾತ್ರ ಮಕ್ಕಳದ್ದು. ಹುಲಿಯ ಕಣ್ಣಿನ ಜಾಗ ಖಾಲಿ ಬಿಡುವುದು. ಈ ಯೋಚನೆ ಅವರಿಂದ ಬಂತು ಅಂತ ಒಪ್ಪಿಕೊಳ್ಳಬೇಕು.

ಅವರಂಥ ಅಪ್ಪಂದಿರಿಗೆಲ್ಲ ನಾನು ಹೇಳುವುದು ಚೊ ಜಾಯೊಂಗ್ ಕಥೆ. ಅಮೆರಿಕದ ಹಾರ್ವರ್ಡ್‌ನಲ್ಲಿ ಓದಿದ ಇಂಜಿನಿಯರ್, ಕಟ್ಟಡ ಕಟ್ಟುವ ಮನುಷ್ಯ. ಹಳೇ ಹೆಂಚು ಒಟ್ಟುಮಾಡುತ್ತಾ ಮಾಡುತ್ತಾ ಈ ಚಿತ್ರಗಳ ಹುಚ್ಚು ಹತ್ತಿಸಿಕೊಂಡರು. 1968ರಲ್ಲಿ ಎಮಿಲೆ ಅಂತ ಮ್ಯೂಸಿಯಂ ತೆರೆದರು. ಯಾರೂ ಲೆಕ್ಕಕ್ಕೆ ಇಟ್ಟಿರದ ಹುಲಿಗಳನ್ನು ಲೆಕ್ಕಕ್ಕೆ ತಂದ ಮೊದಲಿಗರಲ್ಲಿ ಅವರೂ ಒಬ್ಬರು. ಸುವೊನ್‌ನಲ್ಲಿ ನಮ್ಮವರೆಲ್ಲ ಇಂಜಿನಿಯರ್‌ಗಳೇ. ಈ ಕಥೆ ಚೆನ್ನಾಗಿ ನಾಟುತ್ತದೆ.

ಕ್ಲಾಸ್ ಮುಗಿಯುವಾಗ ಇನ್ನೊಂದು. ಒಬ್ಬರು ಅಮ್ಮ ಸರೇಸಿನ ಡಬ್ಬಿ ನೋಡಿ, "ಇದು ಯಾವುದರಿಂದ ಮಾಡೋದು?" ಅಂದರು. ಹೇಳಿದೆ. ಅವರ ಮುಖ ಚಿಕ್ಕದಾಯಿತು. ಜೋರು ಮಾತೇನೂ ಇಲ್ಲ. "ಇವಳು ಮುಟ್ಟೋದು ಬೇಡ, ನೋಡ್ತಾ ಕೂರ್ಲಿ" ಅಂದರು ಅಷ್ಟೇ. ಒಂಬತ್ತು ವರ್ಷದ ಹುಡುಗಿ ತಟ್ಟೆ ಮೇಲಿಟ್ಟಿದ್ದ ಕೈ ಹಿಂದೆ ತೆಗೆದಳು. ಎಲ್ಲರಿಗೂ ಮೊದಲೇ ತಿಳಿಸಬೇಕಿತ್ತು. ಅದು ನನ್ನದೇ ತಪ್ಪು.

ನವೆಂಬರ್ 12, ಬುಧವಾರ. ಮತ್ತೆ ಕಾಗದ

ಇನ್ನೂ 3 ಹಾಳೆ ತಂದೆ, 12,000 ವೊನ್. ಎರಡಕ್ಕೆ ಸರೇಸು, ಹೋದ ಸಲದ ಹಾಗೇ. ಮೂರನೆಯದನ್ನು ಆರು ತುಂಡು ಮಾಡಿ ಆ ಹುಡುಗಿಗಾಗಿ ಪ್ರಯೋಗಕ್ಕೆ ಇಟ್ಟೆ.

ಇಲ್ಲಿ ಸಮುದ್ರದ ಪಾಚಿಯಿಂದಲೂ ಅಂಟು ತೆಗೆಯುತ್ತಾರೆ. ಅಡುಗೆಮನೆಯಲ್ಲಿ ಚೈನಾ ಗ್ರಾಸ್ ಇತ್ತು, ಅದೂ ಪಾಚಿಯದೇ ಅಲ್ವಾ? ಅರ್ಧ ಲೀಟರ್ ನೀರಿಗೆ 5 ಗ್ರಾಂ ಹಾಕಿ ಕುದಿಸಿದೆ. ಬಳಿಯುವಷ್ಟರಲ್ಲಿ ಗಟ್ಟಿ, ಕಾಗದದ ಮೇಲೆ ಪುಡ್ಡಿಂಗ್. ಆಮೇಲೆ 1 ಗ್ರಾಂ: ಬಣ್ಣ ಹೀರಿತು. ಕೊನೆಗೆ 2 ಗ್ರಾಂ, ಬಿಸಿ ಬಿಸಿ ಇರುವಾಗಲೇ, ಎರಡು ಸಲ ಬಳಿದೆ. ಹನಿ ಪೂರ್ತಿ ಕೂರಲಿಲ್ಲ, ಪೂರ್ತಿ ಇಳಿಯಲೂ ಇಲ್ಲ. ಬಣ್ಣ ಎರಡು ಪದರ ಹಾಕಬಹುದು. ಮೂರನೆಯದಕ್ಕೆ ಕಾಗದ ಎದ್ದುಬರುತ್ತದೆ. ಸರಿ, ಎರಡೇ ಪದರದ ಹುಲಿ.

ಬಣ್ಣಕ್ಕೆ ಸರೇಸಿನ ಬದಲು ಜಾಲಿ ಗೋಂದು. ಕುಂಚದ ಕೂದಲೂ ಮೇಕೆಯದ್ದು ಅಂತ ನೆನಪಾಗಿ ಅವಳಿಗೆ ನೈಲಾನ್ ಕುಂಚ ತೆಗೆದಿಟ್ಟೆ, ಮನೆಯಲ್ಲಿ ಮಗನದ್ದು ಇತ್ತು. ಅವಳ ಅಮ್ಮನಿಗೆ ಫೋನ್ ಮಾಡಿ ಒಂದೊಂದನ್ನೂ ಹೇಳಿದೆ. "ಅಯ್ಯೋ, ಇಷ್ಟೆಲ್ಲ ಯಾಕೆ ತೊಂದ್ರೆ ತಗೊಂಡ್ರಿ" ಅಂದರು. ಕಳಿಸುತ್ತೇನೆ ಅಂದರು.

ನವೆಂಬರ್ 16. ಎರಡನೇ ಕ್ಲಾಸ್: ಮಸಿ ಗೆರೆ, ಒದ್ದೆ ಕುಂಚ

ಮಸಿಯಲ್ಲೇ ಗೆರೆ. ಮೊದಲ ಹತ್ತು ನಿಮಿಷ ಕೈ ನಡುಗಿತು, ಆಮೇಲೆ ಸರಿಹೋಯಿತು. ನಡುಗಿದ ಗೆರೆ ಹುಲಿಯ ರೋಮಕ್ಕೆ ಚೆನ್ನಾಗಿಯೇ ಕಾಣುತ್ತದೆ. ಮಕ್ಕಳ ಬಗ್ಗೆ ನಾನೇ ಸುಮ್ನೆ ಹೆದರಿದ್ದೆ. ಕಾಗದ ಸರಿಯದ ಹಾಗೆ ಇಡಲು ಇಲ್ಲಿ ಹಿತ್ತಾಳೆಯ ಉದ್ದ ತೂಕ ಬಳಸುತ್ತಾರೆ, ನಾವು ಕನ್ನಡ ನಿಘಂಟು ಬಳಸಿದೆವು.

ಹಾಳಾದ ಪೆನ್ಸಿಲ್ ಹುಲಿಗಳು ಈಗ ಕೆಲಸಕ್ಕೆ ಬಂದವು. ಅವುಗಳ ಮೇಲೆ ಬಾರಿಮ್ ಅಭ್ಯಾಸ. ಬಾರಿಮ್ ಅಂದರೆ ಒಂದು ಕುಂಚದಲ್ಲಿ ಗಾಢ ಬಣ್ಣ ಇಟ್ಟು, ಅದು ಒಣಗುವ ಮೊದಲೇ ಇನ್ನೊಂದು ಒದ್ದೆ ಕುಂಚದಿಂದ ಅಂಚನ್ನು ಎಳೆದು ತೆಳುವಾಗಿಸುವುದು. ಎಲ್ಲಿ ಬಣ್ಣ ಮುಗಿಯಿತು ಅಂತ ಗೊತ್ತಾಗಬಾರದು. ದೊಡ್ಡವರು ಎರಡು ಕುಂಚವನ್ನೂ ಒಂದೇ ಕೈಯಲ್ಲಿ ಹಿಡಿದು ಬೆರಳಲ್ಲೇ ತಿರುಗಿಸುತ್ತಾರೆ. ನನಗೇ ಅದು ಬರಲು ಎಂಟು ತಿಂಗಳು ಹಿಡಿಯಿತು. ಮಕ್ಕಳ ಕೈಯಲ್ಲಿ ಕುಂಚಗಳು ಚಾಪ್‌ಸ್ಟಿಕ್ ಆದವು. ಒಬ್ಬ ಬಣ್ಣದ ಬಾಟಲಿಯ ಮುಚ್ಚಳ ಎತ್ತಿ ತೋರಿಸಿದ.

ಎಲ್ಲರದ್ದೂ ಒಂದೇ ತೊಂದರೆ: ಒದ್ದೆ ಕುಂಚದಲ್ಲಿ ನೀರು ಜಾಸ್ತಿ. ನೀರು ಬಣ್ಣವನ್ನು ತಳ್ಳಿ, ಒಣಗಿದ ಮೇಲೆ ಚಹಾ ಲೋಟದ ಗುರುತಿನ ಹಾಗೆ ಉಂಗುರ ಬಿಡುತ್ತದೆ. ಕೊನೆಗೆ ಒಂದು ಲೆಕ್ಕ ಕೊಟ್ಟೆ: ಅದ್ದು, ಬಟ್ಟೆಗೆ ಎರಡು ಸಲ ಒರೆಸು, ಅಂಗೈ ಹಿಂಭಾಗಕ್ಕೆ ಮುಟ್ಟಿಸು. ತಣ್ಣಗೆ ಅನ್ನಿಸಬೇಕು, ಒದ್ದೆ ಆಗಬಾರದು.

ನವೆಂಬರ್ 23. ಮೂರನೇ ಕ್ಲಾಸ್: ಬಣ್ಣ

ಪುಡಿ ಬಣ್ಣ ಬಿಳಿ ತಟ್ಟೆಗೆ ಹಾಕಿ, ಸರೇಸು ಬಿಟ್ಟು, ಬೆರಳಲ್ಲಿ ಅರೆಯಬೇಕು. ಮಕ್ಕಳಿಗೆ ಇದಕ್ಕಿಂತ ಖುಷಿ ಇನ್ನೊಂದಿಲ್ಲ. ಅರೆಯುವಾಗ ಮೊದಲು ಬೆರಳಿಗೆ ಮರಳಿನ ಹಾಗೆ ಸಿಗುತ್ತದೆ, ಆಮೇಲೆ ಬೆಣ್ಣೆಯಂತಾಗುತ್ತದೆ. ಬೆಣ್ಣೆಯಾದ ಮೇಲೆ ನೀರು.

ಚಿಕ್ಕ ಚಮಚ ಪುಡಿಗೆ ನಾಲ್ಕು ಹನಿ ಸರೇಸು ಅಂದಿದ್ದೆ. ಒಬ್ಬ ಒಂದೇ ಹನಿ ಹಾಕಿದ. ಅವನ ಹುಲಿಯ ಹಳದಿಯೆಲ್ಲ ಸ್ವೆಟರ್ ತೋಳಿಗೆ ಬಂತು, ಹುಲಿ ಬೋಳು. ಇನ್ನೊಬ್ಬಳು ಜಾಸ್ತಿ ಇದ್ದರೆ ಗಟ್ಟಿ ಅಂತ ಎಂಟು ಹನಿ ಹಾಕಿದಳು. ಅವಳ ಕಪ್ಪು ಬಣ್ಣ ಮುಂದಿನ ವಾರಕ್ಕೆ ಕೆರೆ ತಳದ ಕೆಸರಿನಂತೆ ಬಿರುಕು ಬಿಟ್ಟಿತ್ತು. ಬೋಳಾದದ್ದಕ್ಕೆ ಮದ್ದಿದೆ, ಮೇಲೆ ತೆಳು ಸರೇಸು ನೀರು ಎಳೆದು ಮತ್ತೆ ಹಚ್ಚಿದೆವು. ಬಿರುಕಿಗೆ ಮದ್ದಿಲ್ಲ.

ಬಿಳಿ ಬಣ್ಣ, ಹೊಬುನ್, ಇನ್ನೊಂದು ಪಾಠ ಕಲಿಸಿತು. ಅದು ಹಚ್ಚಿದಾಗ ಕಾಣುವುದಿಲ್ಲ. ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇದನ್ನು ನಾನು ಹೇಳಿದೆ, ಆದರೆ ಎಂಟು ವರ್ಷದವರಿಗೆ ಒಣಗುವವರೆಗೆ ಕಾಯಿರಿ ಅನ್ನುವುದು ಹೇಳದೇ ಇದ್ದ ಹಾಗೆ. "ಆಂಟಿ ಕಾಣ್ತಿಲ್ಲ, ಆಂಟಿ ಕಾಣ್ತಿಲ್ಲ" ಅಂತ ಹಚ್ಚಿದ್ದೇ ಹಚ್ಚಿದ್ದು. ಹುಲಿ ಹೊಟ್ಟೆಯ ಬಿಳಿ ದಪ್ಪವಾಗಿ, ಮನೆಗೆ ಒಯ್ಯುವಾಗ ಸುಣ್ಣದ ಗೋಡೆಯ ಹಾಗೆ ಚಕ್ಕೆ ಎದ್ದಿತು. ಮೂವರದ್ದು ಹೀಗಾಯಿತು. ಮುಂದಿನ ಸಲ ಹೇರ್ ಡ್ರೈಯರ್ ತಂದು ಒಂದು ಪಟ್ಟಿ ಒಣಗಿಸಿ ತೋರಿಸಿಬಿಡುತ್ತೇನೆ. ಬಾಯಿಮಾತು ಸಾಲದು.

ಒಣಗುವವರೆಗೆ ಮಾತು. ಹುಲಿ ಮೈಮೇಲೆ ಪಟ್ಟೆಯೂ ಇದೆ, ಚುಕ್ಕೆಯೂ ಇದೆ, ಇದು ಹುಲಿಯಾ ಚಿರತೆಯಾ ಅಂತ ಒಬ್ಬಳು ಕೇಳಿದಳು. ಚೀನೀ ಭಾಷೆಯಲ್ಲಿ ಚಿರತೆ ಮತ್ತು 'ಸುದ್ದಿ ತಿಳಿಸು' ಎರಡಕ್ಕೂ ಒಂದೇ ಉಚ್ಚಾರ. ಕಾಚಿ ಹಕ್ಕಿ ಅಂದರೆ ಸಂತೋಷ. ಎರಡೂ ಸೇರಿದರೆ ಶುಭ ಸುದ್ದಿ. ಕೊರಿಯಾಕ್ಕೆ ಬರುವಾಗ ಚಿರತೆ ಹೋಗಿ ಅವರ ಪ್ರೀತಿಯ ಹುಲಿ ಬಂತು. ಕೆಲವು ಕಡೆ ಚುಕ್ಕೆ ಹಾಗೇ ಉಳಿಯಿತು. ಹೊಸ ವರ್ಷಕ್ಕೆ ಬಾಗಿಲಿಗೆ ಅಂಟಿಸುತ್ತಿದ್ದರು. ಹುಲಿ ಅಂದರೆ ಊರ ದೊಡ್ಡ ಮನುಷ್ಯ, ಅದನ್ನು ಗೇಲಿ ಮಾಡುವ ಹಕ್ಕಿ ಅಂದರೆ ಜನ, ಹಾಗೂ ಹೇಳುತ್ತಾರೆ. ಹುಲಿ ಪೆದ್ದುಪೆದ್ದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ. 1988ರ ಸೋಲ್ ಒಲಿಂಪಿಕ್ಸ್‌ನ ಹೊದೋರಿ ಹುಲಿಯೂ ಇದೇ ವಂಶದ್ದು.

ಬೆಳಿಗ್ಗೆ ಕಾಚಿ ಕೂಗಿದರೆ ಮನೆಗೆ ಬೇಕಾದ ನೆಂಟರು ಬರುತ್ತಾರಂತೆ ಅಂದೆ. "ನಮ್ಮಜ್ಜಿ ಕಾಗೆ ಕೂಗಿದ್ರೆ ಬರ್ತಾರೆ ಅಂತಾರೆ" ಅಂದ ಒಬ್ಬ. ಅಲ್ಲಿಂದ ಎಲ್ಲರೂ ಕಾಚಿಯನ್ನು ಕಾಗೆ ಅಂತಲೇ ಕರೆದರು. ನಾನೂ ತಿದ್ದಲಿಲ್ಲ.

ನವೆಂಬರ್ 30. ನಾಲ್ಕನೇ ಕ್ಲಾಸ್: ಇಬ್ಬಿಬ್ಬರು

ಬಾರಿಮ್ ಒಬ್ಬರಿಂದ ಆಗುವುದಿಲ್ಲ ಅಂತ ಗೊತ್ತಾಗಿತ್ತು. ಇಬ್ಬಿಬ್ಬರನ್ನು ಜೋಡಿ ಮಾಡಿದೆ. ಒಬ್ಬ ಬಣ್ಣ ಇಡುತ್ತಾನೆ, ಪಕ್ಕದವನು ಒದ್ದೆ ಕುಂಚ ಹಿಡಿದು ಕಾಯುತ್ತಾನೆ, ಕೂಡಲೇ ಎಳೆಯುತ್ತಾನೆ. ಮೊದಲು ಒಬ್ಬರ ಚಿತ್ರ, ಆಮೇಲೆ ಇನ್ನೊಬ್ಬರದ್ದು. ಚೈನಾ ಗ್ರಾಸ್ ಹುಡುಗಿಗೆ ನಾನೇ ಜೋಡಿ. ಐದು ವಾರದಲ್ಲಿ ನನಗೆ ಸರಿಯಾಗಿ ಹೊಳೆದದ್ದು ಇದೊಂದೇ. ಅಣ್ಣ-ತಂಗಿಯನ್ನು ಮಾತ್ರ ಜೋಡಿ ಮಾಡಬೇಡಿ. ಒಂದು ಹುಲಿಯ ಕಿವಿ ಜಗಳದಲ್ಲಿ ಹೋಯಿತು.

ಆಮೇಲೆ ರೋಮ. ನನ್ನ ಮೊದಲ ತಪ್ಪು ಅಂದೆನಲ್ಲ, ಅದು ಇಲ್ಲಿ ಎದುರಾಯಿತು. ಹುಲಿಗೆ ರೋಮ ಎಳೆಯುವುದು ಅಂದರೆ ನೂರಾರು ಸಣ್ಣ ಗೆರೆ, ಪ್ರತಿಯೊಂದೂ ಮೈಯ ತಿರುವಿನ ಹಾಗೆ ತಿರುಗಬೇಕು. ನಲವತ್ತು ಗೆರೆ ಆದಮೇಲೆ ಮಕ್ಕಳಿಗೆ ಬೇಜಾರು. ಐವತ್ತಕ್ಕೆ ಮುಳ್ಳುಹಂದಿ. ಪಿಯೋನಿ ಹೂವಿನಿಂದ ಶುರು ಮಾಡಿದ್ದರೆ ಎಸಳಿಗೆ ಬಾರಿಮ್ ಮಾಡುತ್ತಾ ಕೈ ಪಳಗುತ್ತಿತ್ತು. ಇಲ್ಲಿ ಟೀಚರ್‌ಗಳು ಹೊಸಬರಿಗೆ ಹೂವನ್ನೇ ಕೊಡುವುದು ಸುಮ್ನೆ ಅಲ್ಲ. ಕೊನೆಗೆ ರೋಮ ಮುಖಕ್ಕೆ, ಬೆನ್ನಿಗೆ, ಬಾಲಕ್ಕೆ ಮಾತ್ರ ಸಾಕು ಅಂದೆ.

ಡಿಸೆಂಬರ್ 7. ಐದನೇ ಕ್ಲಾಸ್: ಕಣ್ಣು

ಹುಲಿಯ ಕಣ್ಣಿಗೆ ಒಂದು ಕ್ಲಾಸ್ ಪೂರ್ತಿ ಕೊಟ್ಟೆ. ಹಳೇ ಚಿತ್ರಗಳಲ್ಲೂ ಹುಲಿಯ ಎರಡು ಕಣ್ಣು ಎರಡು ಕಡೆ ನೋಡುತ್ತವೆ, ಹೇಗೆ ಬೇಕಾದರೂ ಬರೆಯಿರಿ ಅಂದೆ. ಎರಡು ಗಂಟೆ ಕೋಣೆಯಲ್ಲಿ ಸದ್ದೇ ಇಲ್ಲ.

ಒಬ್ಬನ ಹುಲಿ ತನ್ನ ಮೂಗಿನ ತುದಿಯನ್ನೇ ನೋಡುತ್ತಿತ್ತು. ಒಬ್ಬಳದ್ದಕ್ಕೆ ಕಾಡಿಗೆ, ಉದ್ದ ರೆಪ್ಪೆ. ಇನ್ನೊಬ್ಬನದ್ದಕ್ಕೆ ಯಕ್ಷಗಾನದ ಬಣ್ಣದ ವೇಷದ ಕಣ್ಣು, ಸುತ್ತ ಬಿಳಿ ಚುಕ್ಕೆಗಳ ಸಾಲು. ಅವನ ಮನೆ ಹೊನ್ನಾವರದ ಕಡೆ. ಚೈನಾ ಗ್ರಾಸ್ ಕಾಗದದ ಹುಡುಗಿ ಕಣ್ಣು ಮುಚ್ಚಿದ ಹುಲಿ ಬರೆದಳು, ಎರಡು ಬಾಗಿದ ಗೆರೆ ಅಷ್ಟೇ. ಎರಡೇ ಪದರದ ಬಣ್ಣವಲ್ವಾ, ಹುಲಿ ತೆಳ್ಳಗೆ, ಬೆಳಗಿನ ಮಂಜಿನಲ್ಲಿದ್ದ ಹಾಗಿತ್ತು. ನಮ್ಮ ಟೀಚರ್‌ಗೆ ಹನ್ನೊಂದರ ಫೋಟೋ ಕಳಿಸಿದೆ. ಅವರು ಅದೊಂದನ್ನು ದೊಡ್ಡದು ಮಾಡಿ, ಕಾಗದಕ್ಕೆ ಏನು ಹಚ್ಚಿದೆ ಅಂತ ಕೇಳಿದರು.

ಡಿಸೆಂಬರ್ 13, ಶನಿವಾರ. ಹಿಂದೆ ಕಾಗದ ಅಂಟಿಸುವುದು

ಬಣ್ಣ ಹಾಕಿದ ಹನ್‌ಜಿ ಸುಕ್ಕಾಗಿರುತ್ತದೆ. ಹಿಂಬದಿಗೆ ಇನ್ನೊಂದು ಕಾಗದ ಅಂಟಿಸಿದರೆ ನೆಟ್ಟಗಾಗುತ್ತದೆ. ಇದಕ್ಕೆ ಬೆಜಪ್ ಅನ್ನುತ್ತಾರೆ. ಅಂಟು ಗೋಧಿ ಗಂಜಿಯದು, ಊರಲ್ಲಿ ಗೋಡೆಗೆ ಪೋಸ್ಟರ್ ಹಚ್ಚುವ ಮೈದಾ ಅಂಟಿನ ತಂಗಿ. ಹಿಟ್ಟು 3,000 ವೊನ್, ಮೇಲೆ ಕೆಳಗೆ ಕಟ್ಟಲು ಮರದ ಕೋಲು 11,000. ಹಿಂದಿನ ಕಾಗದಕ್ಕೆ ಮೊದಲ ವಾರ ಪಟಿಕದಿಂದ ಕೆಟ್ಟ ಹಾಳೆ ಬಳಸೋಣ ಅಂತ ನೋಡಿದೆ, ಅದು ಅಂಟಲೇ ಇಲ್ಲ. ಟೀಚರ್ ತಮ್ಮ ಬಳಿ ಉಳಿದಿದ್ದ ತೆಳು ಕಾಗದ ಕೊಟ್ಟರು.

ಚಿತ್ರ ಮಗುಚಿ ಹಾಕಿ, ನೀರು ಚಿಮುಕಿಸಿ, ಸುಕ್ಕು ಬಿಡಿಸಿ, ಅಂಟು ಹಚ್ಚಿದ ಕಾಗದ ಮೇಲೆ ಇಳಿಸಿ, ಒಣ ಕುಂಚದಿಂದ ನಡುವಿನಿಂದ ಹೊರಕ್ಕೆ ಒತ್ತುವುದು. ಆಮೇಲೆ ಅಂಚಿಗೆ ಮಾತ್ರ ಅಂಟು ಹಚ್ಚಿ ಹಲಗೆಗೆ ಕಚ್ಚಿಸಿ ಒಣಗಲು ಬಿಡುವುದು. ನನಗೆ ಹಲಗೆ ಇರಲಿಲ್ಲ, ಮಲಗುವ ಕೋಣೆಯ ಬಾಗಿಲಿತ್ತು. ಮೂರು ಚಿತ್ರ ಅಂಟಿಸಿ ಮಲಗಿದೆವು.

ಕೊರಿಯಾದ ಮನೆಗಳಲ್ಲಿ ನೆಲವೇ ಬಿಸಿಯಾಗುತ್ತದೆ, ಓಂದೋಲ್ ಅಂತಾರೆ. ಚಳಿಗಾಲದಲ್ಲಿ ಬಟ್ಟೆ ರಾತ್ರೋರಾತ್ರಿ ಗರಿಗರಿ. ಕಾಗದವೂ ಹಾಗೇ. ಬೇಗ ಒಣಗಿ, ಬಿಗಿದು, ನಡುರಾತ್ರಿ ಟಪ್ ಅಂತ ಸದ್ದು. ಎದ್ದು ದೀಪ ಹಾಕಿದರೆ ಮೂಗು ನೋಡುವ ಹುಲಿಯ ಬಾಲದ ಮೇಲೆ 6 ಸೆಂ.ಮೀ. ಸೀಳು. ನನ್ನ ಹುಲಿಯಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮಗುವಿನದ್ದು. ಮತ್ತೆ ನಿದ್ದೆ ಬರಲಿಲ್ಲ.

ಮರುದಿನ ಅವನ ಮನೆಗೆ ಹೋಗಿ ತೋರಿಸಿದೆ. ಅವನು ಸ್ವಲ್ಪ ಹೊತ್ತು ಬೆರಳಲ್ಲಿ ಸೀಳನ್ನು ಮುಟ್ಟಿ ನೋಡಿದ. "ಆಂಟಿ, ಇದಕ್ಕೆ ಹೊಲಿಗೆ ಹಾಕಿದ ಹಾಗೆ ಬರೀಲಾ?" ಅಂದ. ಹಿಂದಿನಿಂದ ತುಂಡು ಹನ್‌ಜಿ ಅಂಟಿಸಿಕೊಟ್ಟೆ. ಮೇಲೆ ಅವನೇ ಕಪ್ಪಿನಲ್ಲಿ ಏಳು ಅಡ್ಡ ಗೆರೆ ಎಳೆದ. ಹುಲಿ ಇನ್ನೂ ಮೂಗು ನೋಡುತ್ತಲೇ ಇದೆ.

ಈಗಿನ ಲೆಕ್ಕ

ಒಟ್ಟು ಖರ್ಚು 2,37,000 ವೊನ್. ಬಂದದ್ದು 1,65,000. ನನ್ನ ಕೈಯಿಂದ 72,000, ನಮ್ಮ ದುಡ್ಡಲ್ಲಿ ಸುಮಾರು 4,400 ರೂಪಾಯಿ. ಕುಂಚಗಳು ಮುಂದಿನ ಸಲಕ್ಕೆ ಉಳಿಯುತ್ತವೆ, ಅದು ಸಮಾಧಾನ. ಕಾಗದದ ಲೆಕ್ಕ ಮಾತ್ರ ಮನೆಯವರ ಮುಂದೆ ಹೇಳುವ ಹಾಗಿಲ್ಲ. ಸಿದ್ಧ ಕಾಗದ ಮೂರು ಹಾಳೆ ತಂದಿದ್ದರೆ 27,000ಕ್ಕೆ ಮುಗಿಯುತ್ತಿತ್ತು. ಹಸಿ ಹಾಳೆ ಎಂಟು, ಪಟಿಕ, ಚಪ್ಪಟೆ ಕುಂಚ ಸೇರಿ 46,000 ಆಯಿತು. ಉಳಿಸಲು ಹೋಗಿ 19,000 ಜಾಸ್ತಿ ಸುರಿದೆ, ಮೂರು ರಾತ್ರಿ ನಿದ್ದೆ ಬೇರೆ.

ಮುಂದಿನ ಗುಂಪಿಗೆ ಸಿದ್ಧ ಕಾಗದ, ಪಿಯೋನಿ ಹೂವು, ಮೊದಲ ದಿನವೇ ಮಸಿ. ಸರೇಸು ಏನು ಅಂತ ಚೀಟಿಯಲ್ಲಿ ಮೊದಲೇ ಬರೆದು ಕೊಡುತ್ತೇನೆ. ಚೈನಾ ಗ್ರಾಸ್ ಕಾಗದ ಇನ್ನೂ ನಾಲ್ಕೈದು ಮಾಡಿ ನೋಡಬೇಕು, ಟೀಚರ್ ತಮಗೂ ಒಂದು ಬೇಕು ಅಂದಿದ್ದಾರೆ.

ಸೀಳಿದ ಮೇಲೆ ನೆಲದ ಬಿಸಿ ಆರಿಸಿ, ಬಾಗಿಲ ಪಕ್ಕ ಒದ್ದೆ ಟವೆಲ್ ನೇತುಹಾಕಿ ಇನ್ನೂ ನಾಲ್ಕು ಅಂಟಿಸಿದೆ. ಎರಡು ದಿನ ಹಿಡಿಯಿತು, ನಾಲ್ಕೂ ನೆಟ್ಟಗೆ ಬಂದವು. ಉಳಿದ ನಾಲ್ಕು ಇವತ್ತು ರಾತ್ರಿ. ಹೊರಗೆ ಮೈನಸ್ 6. ಮನೆಯವರು ಆಗಲೇ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದಾರೆ.